ಸಾದಾ ಡಬ್ಬಿಯ ಜಬ್ಬಾರ್

ನಮ್ಮ ಮನೆಯವರು ಅಬ್ದುಲ್ ಜಬ್ಬಾರ್ ಬೆಳಗಿನ ನಮಾಜು ಮುಗಿಸಿ ಬಂದ ಮೇಲೆ, ಚಹಾಕ್ಕೂ ಮೊದಲು, ಅಂಗಡಿಯ ಮುಂದಿನ ತಗಡಿನ ಮೇಲಿರುವ ಸೋಲಾರ್ ಪ್ಯಾನಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಇದು ತಪ್ಪಿದ ದಿನವನ್ನು ನಾನು ಕಂಡಿಲ್ಲ. ರಂಜಾನ್ ಹಬ್ಬದ ದಿನವೂ ಒರೆಸಿದ್ದಾರೆ. ಮಗಳು ಜೋಯಾಳ ನಿಕಾಹ್ ದಿನ ಹೊಸ ಶೇರ್ವಾನಿ ತೊಟ್ಟುಕೊಂಡೇ ಒರೆಸಲು ಹೋಗಿ, ಎದೆಯ ಮೇಲೆ ಒಂದು ದೊಡ್ಡ ಒದ್ದೆ ಕಲೆ ಇಟ್ಟುಕೊಂಡು ಬೀಗರನ್ನು ಎದುರುಗೊಂಡರು. ಜೋರು ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ನಿಂತಿದ್ದಾಗ ನಾನು ಕೇಳಿದ್ದೆ.

"ಮಳೆಯೇ ತೊಳೀತಿದೆಯಲ್ಲ?"

"ಮಳೆ ಅದರ ಕೆಲಸ ಮಾಡ್ತಿದೆ. ನಾನು ನನ್ನ ಕೆಲಸ ಮಾಡ್ತಿದ್ದೀನಿ" ಅಂದರು.

ಆ ಪ್ಯಾನಲ್ ತಗ್ಗಿನಲ್ಲಿದೆ. ಮೊಣಕಾಲೆತ್ತರದ ಸ್ಟೂಲು ಸಾಕು. ಅದಕ್ಕಿಂತ ಮೇಲೆ ಅವರು ಹತ್ತುವುದಿಲ್ಲ, ತಲೆ ತಿರುಗುತ್ತದೆ. ನಮ್ಮ ಮನೆಯ ಅಟ್ಟದಿಂದ ಪಾತ್ರೆ ಇಳಿಸುವವಳು ಇವತ್ತಿಗೂ ನಾನೇ.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ನಮ್ಮದು ಬ್ಯಾಟರಿ ಅಂಗಡಿ. ಮೊದಲು ಲಾರಿ ಬ್ಯಾಟರಿ, ಆಮೇಲೆ ಯುಪಿಎಸ್, ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಡಂಚಿನ ಊರುಗಳಿಗೆ ಸೋಲಾರ್ ದೀಪ. ಅವರದು ಮಾತು ಕಡಿಮೆ. ಬ್ಯಾಟರಿಯ ಜೊತೆ ಎಷ್ಟು ಬೇಕೋ ಅಷ್ಟು ಮಾತನಾಡುತ್ತಾರೆ, ಗಿರಾಕಿಯ ಜೊತೆ ಅದಕ್ಕಿಂತ ಕಡಿಮೆ. ಹಾಗಾಗಿ ಗಿರಾಕಿಗಳ ಮಾತು ಕೇಳಿ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಬಾಗಿಲ ಬಳಿಯ ಬೆಂಚಿನ ಮೇಲೆ ನೋಟುಬುಕ್ಕು ಇಟ್ಟುಕೊಂಡು ಕೂರುತ್ತೇನೆ. ಹಳ್ಳಿಯಿಂದ ಬಂದವರು ನೇರವಾಗಿ ಬ್ಯಾಟರಿ ಕೆಟ್ಟಿದೆ ಎನ್ನುವುದಿಲ್ಲ. ಮೊದಲು ಬಸ್ಸು ತಡವಾದದ್ದು, ಆಮೇಲೆ ಸೊಸೆಯ ತವರಿನವರು, ಆಮೇಲೆ ಹಸು, ಆಮೇಲೆ ಮೊಣಕಾಲು ನೋವು. ಬ್ಯಾಟರಿ ಬರುವುದು ಕಟ್ಟಕಡೆಗೆ. ನಾನು ನಡುವೆ ಬಾಯಿ ಹಾಕುವುದಿಲ್ಲ. "ಸಾಬೀರಮ್ಮನ ತಾವು ಹೇಳ್ಕಂಡ್ರೆ ಅರ್ಧ ರಿಪೇರಿ ಆದಂಗೆ ಕಣ" ಎಂದು ಜನ ಹೇಳುತ್ತಿದ್ದರು. ಈ ಮಾತನ್ನು ನಾನು ಎಷ್ಟು ನಂಬಿಬಿಟ್ಟಿದ್ದೆನೆಂದರೆ, ಇನ್ನರ್ಧ ರಿಪೇರಿಗೆ ಗಂಡ ಬೇಕೇ ಎಂಬ ಅನುಮಾನವೂ ಆಗಾಗ ಬರುತ್ತಿತ್ತು.

ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ ಒಂದು ಚಿಕ್ಕ ಡಬ್ಬಿ ಇರುತ್ತದೆ, ಚಾರ್ಜ್ ಕಂಟ್ರೋಲರ್ ಎಂದು. ಬ್ಯಾಟರಿ ತುಂಬುವವರೆಗೆ ಬಿಸಿಲಿನ ಕರೆಂಟನ್ನು ಒಳಗೆ ಬಿಡುವುದು, ತುಂಬಿದ ಮೇಲೆ ತಡೆಯುವುದು ಅದರ ಕೆಲಸ. ನಾವು ಮಾರುತ್ತಿದ್ದದ್ದು ಸಾದಾ ಡಬ್ಬಿ. ಮೂರು ಪುಟ್ಟ ದೀಪ, ಆರು ಸ್ಕ್ರೂ, ಅಷ್ಟೇ. ಒಳಗೆ ಕಡಿಮೆ ಇದ್ದರೆ ಕೆಡುವುದಕ್ಕೂ ಕಡಿಮೆ ಎಂದು ಅವರು ಹೇಳುತ್ತಿದ್ದರು. ನಾನು ಅದಕ್ಕೆ ನನ್ನ ಕಡೆಯಿಂದ ಒಂದಿಷ್ಟು ಧರ್ಮವನ್ನೂ ಸೇರಿಸಿದ್ದೆ. ಸಾದಾ ಊಟ, ಸಾದಾ ಬಟ್ಟೆ, ಸಾದಾ ಡಬ್ಬಿ: ದೇವರಿಗೆ ಆಡಂಬರ ಆಗುವುದಿಲ್ಲ ಎಂದು ಗಿರಾಕಿಗಳಿಗೆ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಡಬ್ಬಿ ಕೊಳ್ಳುತ್ತಿದ್ದರು. ಉಪದೇಶದಿಂದ ಕೊಂಡರೋ ಉಪದೇಶ ನಿಲ್ಲಲಿ ಎಂದು ಕೊಂಡರೋ ನಾನು ವಿಚಾರಿಸಲಿಲ್ಲ.

೨೦೦೯ರ ಬೇಸಿಗೆಯಲ್ಲಿ ಚಾಮರಾಜನಗರದಿಂದ ಶಿವರುದ್ರಸ್ವಾಮಿ ಬಂದರು. ನಮಗೆ ಸಾಮಾನು ಕೊಡುವ ವ್ಯಾಪಾರಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ಚೀಲದಿಂದ ಒಂದು ಹೊಸ ಡಬ್ಬಿ ತೆಗೆದು ಇಟ್ಟರು. ಇಟ್ಟಿಗೆಯಷ್ಟು ಗಾತ್ರ, ಮುಂದೆ ಗಾಜಿನ ಪರದೆ, ಅದರಲ್ಲಿ ಅಂಕಿಗಳು. ಬೆಲೆ ನಮ್ಮ ಡಬ್ಬಿಯ ಆರು ಪಟ್ಟು.

"ಇದು ಎಂಪಿಪಿಟಿ ಅಂತ ಸಾಬ್ರೇ. ಪ್ಯಾನಲ್ಲು ಎಷ್ಟೊತ್ನಲ್ಲಿ ಎಷ್ಟು ಕೊಡ್ತದೆ ಅಂತ ತಾನೇ ನೋಡ್ಕಂಡು ಅಷ್ಟೂ ಈಸ್ಕತ್ತದೆ. ತಲೆ ಅದೆ ಇದಕ್ಕೆ."

ನಮ್ಮವರು ಅದನ್ನು ಕೈಯಲ್ಲಿ ತೂಗಿ ನೋಡಿ ವಾಪಸ್ ಇಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ನಾನು ಮುಗಿಸಲಿಲ್ಲ.

"ಸ್ವಾಮಿ, ಕರೆಂಟು ಹೋಗುವ ದಾರಿಗೆ ಕನ್ನಡಿ ಯಾಕೆ? ಮುಖ ನೋಡ್ಕೊಳ್ಳೋಕಾ? ಇದೆಲ್ಲ ಆಡಂಬರ" ಎಂದೆ.

ಶಿವರುದ್ರಸ್ವಾಮಿ ನಕ್ಕು, "ಆಯ್ತು ಬುಡಿ ಅಕ್ಕ" ಎಂದು ಡಬ್ಬಿ ಚೀಲಕ್ಕೆ ಹಾಕಿಕೊಂಡರು. ಆ ದಿನ ನಾನು ಮಧ್ಯಾಹ್ನದ ನಮಾಜಿನಲ್ಲಿ ಸ್ವಲ್ಪ ಹೆಚ್ಚು ನೆಟ್ಟಗೆ ನಿಂತಿದ್ದೆ ಎಂದು ಈಗ ಅನ್ನಿಸುತ್ತದೆ.

ಮುಂಗಾರು ಶುರುವಾದ ಮೇಲೆ ದೊಡ್ಡಮಲ್ಲಮ್ಮ ಬಂದರು. ನಮ್ಮ ತಾಲ್ಲೂಕಿನದೇ ಮದ್ದೂರು ಕಡೆಯ ಕಾಡಂಚಿನ ಒಂದು ಊರಿನಲ್ಲಿ ಹೆಂಗಸರದೇ ಹಾಲಿನ ಸಂಘವಿದೆ, ಅದರ ಸೆಕ್ರೆಟರಿ ಈಕೆ. ಗಟ್ಟಿ ಕೈ, ಗಟ್ಟಿ ದನಿ, ಒಂದು ಮಾತು ಶುರು ಮಾಡಿದರೆ ಮೂರು ಊರು ಸುತ್ತಿ ಬರುವವರು. ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲು ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಹಾಲು ಹಾಕಿದವರಿಗೆ ಕೊಡುವ ರಸೀದಿಯ ಹಿಂಬದಿ, ಮೊಮ್ಮಗಳ ಅಕ್ಷರ.

ನನ್ನ ಮನಸ್ಸಿನಲ್ಲಿ ಒಂದು ನಿಯಮವಿತ್ತು: ಮಾತನಾಡುತ್ತಿರುವವರ ಮುಂದೆ ಕಾಗದ ಓದುತ್ತ ಕೂರುವುದು ಮರ್ಯಾದೆಯಲ್ಲ. ಚೀಟಿಯನ್ನು ನೋಟುಬುಕ್ಕಿನೊಳಗೆ ಇಟ್ಟು, ಮುಖ ನೋಡುತ್ತಲೇ ಬರೆದುಕೊಳ್ಳುತ್ತ ಕೂತೆ.

ಕತೆ ಒಂದು ಗಂಟೆ ನಡೆಯಿತು. ಹಾಲಿನ ಬೆಲೆ ಕೊಬ್ಬಿನ ಮೇಲೆ. ಫ್ಯಾಟ್ ಹೆಚ್ಚಿದ್ದರೆ ಹೆಚ್ಚು ದುಡ್ಡು. ಅದನ್ನು ಅಳೆಯುವ ಯಂತ್ರಕ್ಕೆ ಕರೆಂಟು ಬೇಕು. ಹಾಲು ಹಾಕುವ ಹೊತ್ತಿಗೇ, ಬೆಳಿಗ್ಗೆಯೂ ಸಂಜೆಯೂ, ಕರೆಂಟು ಹೋಗುತ್ತದೆ. ಯಂತ್ರ ನಿಂತರೆ ಎಲ್ಲರ ಹಾಲಿಗೂ ಒಂದೇ ರೇಟು.

"ನೀರು ಬೆರ್ಸೋಳ್ಗೂ ಅದೇ, ಬೆರ್ಸದೆ ಇರೋಳ್ಗೂ ಅದೇ ಅಂದ್ರೆ ಯಾರವ್ವ ಸುಮ್ನಿದ್ದಾರು? ಗಡಿ ಕಡೆಯಿಂದ ಒಬ್ಬ ವ್ಯಾನ್ ತಂದು ಮನೆ ಬಾಗ್ಲಲ್ಲೇ ಲೀಟ್ರು ಲೆಕ್ಕದಲ್ಲಿ ಈಸ್ಕತ್ತಾನೆ. ಆ ಕಡೆ ತಿರ್ಗವ್ರೆ ಎಲ್ಲಾ. ಅರ್ಧ ಜನ ಬುಟ್ಟೋದ್ರೆ ಸಂಘ ಮುಚ್ದಂಗೆ ಕಣವ್ವ. ಹನ್ನೊಂದು ವರ್ಸದ ಸಂಘ."

ಹತ್ತಿರದ ಒಂದು ರೆಸಾರ್ಟು ಮುಚ್ಚಿದಾಗ ಅಲ್ಲಿಯ ದೊಡ್ಡ ಪ್ಯಾನಲ್ ಒಂದನ್ನು ಸಂಘಕ್ಕೆ ಕೊಂಡಿದ್ದರು. ಊರಿನ ವೈರಿಂಗ್ ಕೆಲಸದ ನಿಂಗರಾಜು ಅದನ್ನು ಆಗಲೇ ಡೈರಿಯ ಹೆಂಚಿನ ಮೇಲೆ ಕೂರಿಸಿದ್ದ. ಈಗ ಬೇಕಿದ್ದದ್ದು ಬ್ಯಾಟರಿ ಮತ್ತು ಡಬ್ಬಿ. "ಯಾವ ಡಬ್ಬಿ ತಗಳ್ಳನ ಸಾಬೀರಮ್ಮ? ಎರಡು ತರ ಅದಂತಲ್ಲ" ಎಂದು ಕೇಳಿದರು.

ನಮ್ಮವರು ಒಳಗೆ ಲಾರಿಯವನ ಬ್ಯಾಟರಿ ಬಿಚ್ಚುತ್ತಿದ್ದರು. "ಪ್ಯಾನಲ್ ಎಂಥದು ಕೇಳು" ಎಂದು ಅಲ್ಲಿಂದಲೇ ಕೂಗಿದರು.

"ದೊಡ್ಡದಂತೆ" ಎಂದೆ ನಾನು.

ಅವರಿಗೆ ನನ್ನ ಮೇಲೆ ನಂಬಿಕೆ. ನನಗೂ ನನ್ನ ಮೇಲೆ ನಂಬಿಕೆ. ದೊಡ್ಡಮಲ್ಲಮ್ಮನಿಗೆ ಇಬ್ಬರ ಮೇಲೂ. ಸಾದಾ ಡಬ್ಬಿ ಕೊಟ್ಟು, ಅದರ ಜೊತೆ ಆಡಂಬರದ ಮೇಲೆ ನಾಲ್ಕು ಮಾತನ್ನೂ ಪುಕ್ಕಟೆಯಾಗಿ ಕೊಟ್ಟು ಕಳಿಸಿದೆ.

ವಾರದಲ್ಲೇ ಫೋನು ಬಂತು. ಬ್ಯಾಟರಿ ಸಂಜೆ ಯಂತ್ರ ಓಡಿಸುತ್ತದೆ, ಬೆಳಿಗ್ಗೆ ಕೈ ಕೊಡುತ್ತದೆ. ನಮ್ಮವರು ಬಸ್ಸು ಹತ್ತಿ ಹೋಗಿ ಬ್ಯಾಟರಿಯ ತಲೆಗಳನ್ನು ಉಜ್ಜಿ ಬಂದರು. ಎರಡು ದಿನ ಕಳೆದು ಮತ್ತೆ ಫೋನು. ಹೋಗಿ ತಂತಿ ಬದಲಾಯಿಸಿದರು. ಮತ್ತೆ ಫೋನು. ಬ್ಯಾಟರಿಯನ್ನೇ ಬದಲಾಯಿಸಿದರು. ಪ್ರತಿ ಸಲವೂ ಡಬ್ಬಿಯ ಬಳಿ ಮೀಟರ್ ಇಟ್ಟು ನೋಡುತ್ತಿದ್ದರು; ಅಲ್ಲಿ ಹದಿಮೂರು ವೋಲ್ಟು, ಎಲ್ಲ ಸರಿ. ಪ್ಯಾನಲ್ ಇದ್ದದ್ದು ಹೆಂಚಿನ ಮೇಲೆ, ಏಣಿಯ ತುದಿಯಲ್ಲಿ. ಅವರು ಏಣಿಯ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿ, "ಚೆನ್ನಾಗಿದೆ" ಎಂದು ತೀರ್ಮಾನಿಸಿ ಬರುತ್ತಿದ್ದರು.

"ಮೋಡ ಜಾಸ್ತಿ ಈ ಸಲ" ಎಂದು ನನಗೆ ಹೇಳಿದರು.

ನಾನು ದುವಾ ಮಾಡಿದೆ. ಐದು ಹೊತ್ತೂ ಮಾಡಿದೆ. ಯಾ ಅಲ್ಲಾಹ್, ದೊಡ್ಡಮಲ್ಲಮ್ಮನ ಬ್ಯಾಟರಿ ತುಂಬಿಸು ಎಂದು. ಆ ದುವಾ ಮೇಲೆ ಹೋಗಿ, ಮೊದಲು ನಿನ್ನ ಹತ್ತಿರ ಇರುವ ಚೀಟಿ ಓದಮ್ಮ ಎಂದು ದಿನವೂ ವಾಪಸ್ ಬರುತ್ತಿದ್ದಿರಬೇಕು. ಕೇಳಿಸಿಕೊಳ್ಳುವುದರಲ್ಲಿ ಹೆಸರಾದ ನನಗೆ ಅದೊಂದು ಕೇಳಿಸಲಿಲ್ಲ.

ನಾಲ್ಕನೆಯ ಸಲ ದೊಡ್ಡಮಲ್ಲಮ್ಮ ಫೋನು ಮಾಡಲಿಲ್ಲ, ತಾವೇ ಬಂದರು. ಬೆಂಚಿನ ಮೇಲೆ ಕೂರಲಿಲ್ಲ. ಬಸ್ಸಿನ ಮಾತಿಲ್ಲ, ಹಸುವಿನ ಮಾತಿಲ್ಲ.

"ಭಾನ್ವಾರ ಹತ್ ಗಂಟೆಗೆ ಸಭೆ ಕರ್ದವ್ರೆ. ಕಡ್ಮೆ ರೇಟಿನ ಡಬ್ಬ ತಂದು ಮಿಕ್ಕ ದುಡ್ಡು ನಾನು ಒಡ್ಕಂಡಿವ್ನಿ ಅಂತವ್ರೆ. ಸೆಕ್ರೆಟ್ರಿ ಕೆಲ್ಸ ಓದ್ರೆ ಓಯ್ತು. ಸಂಘ ಒಡೀತದಲ್ಲವ್ವ" ಎಂದರು. ಆ ಗಟ್ಟಿ ದನಿ ಅವತ್ತು ಗಟ್ಟಿಯಾಗಿರಲಿಲ್ಲ. ನಾನು ಚಹಾ ತರಿಸುವಷ್ಟರಲ್ಲಿ ಹೊರಟುಹೋಗಿದ್ದರು.

ಅವರಿಗೆ ಯಾವ ತಾರೀಖಿನಲ್ಲಿ ಏನು ಕೊಟ್ಟೆವು ಎಂದು ನೋಡಲು ನೋಟುಬುಕ್ಕು ತೆಗೆದೆ. ಆ ಪುಟದಲ್ಲಿ ಚೀಟಿ ಇತ್ತು. ಮೊಮ್ಮಗಳು ಪ್ಯಾನಲ್ಲಿನ ಹಿಂದಿದ್ದ ಸ್ಟಿಕ್ಕರ್ ನೋಡಿ ದುಂಡಗೆ ಬರೆದಿದ್ದಳು: ೧೮೦ ವಾಟ್, ೩೬ ವೋಲ್ಟ್, ೫ ಆಂಪ್.

ನಮ್ಮವರ ಕೈಗೆ ಕೊಟ್ಟೆ. ಓದಿ, ಸ್ಟೂಲಿನ ಮೇಲೆ ಕೂತರು.

"ಇದು ಎಲ್ಲಿತ್ತು?"

"ಬುಕ್ಕಿನಲ್ಲಿ."

"ಎಷ್ಟು ದಿನದಿಂದ?"

"ಮೊದಲನೇ ದಿನದಿಂದ."

"ಅವತ್ತು ನೀನೇನು ಬರ್ಕೊಂಡಿದ್ದೀಯ, ಓದು" ಎಂದರು.

ಓದಿದೆ. ಗೌರಿ ಎಂಬ ಹಸು, ಎರಡನೆಯ ಸೂಲು, ಹೆಣ್ಣು ಕರು. ಸೊಸೆಗೆ ಥೈರಾಯ್ಡ್, ಮೈಸೂರಿನಲ್ಲಿ ಔಷಧಿ. ಎಡಗಾಲು ಮಂಡಿ ನೋವು, ಮಳೆಗಾಲದಲ್ಲಿ ಹೆಚ್ಚು. ಪ್ಯಾನಲ್: ದೊಡ್ಡದು.

ಅವರು ನಗಲಿಲ್ಲ, ಬೈಯಲೂ ಇಲ್ಲ. ನನಗೆ ಅರ್ಥವಾಗುವಂತೆ ವಿವರಿಸಿದರು. ಸಾದಾ ಡಬ್ಬಿ ಒಂದು ಕದದ ಹಾಗೆ: ತೆರೆಯುತ್ತದೆ, ಮುಚ್ಚುತ್ತದೆ, ಅಷ್ಟೇ. ಪ್ಯಾನಲ್ಲೂ ಬ್ಯಾಟರಿಯೂ ಒಂದೇ ಜೋಡಿಯವಾದರೆ ಅಷ್ಟು ಸಾಕು. ನಾವು ಮಾರುವ ಚಿಕ್ಕ ಪ್ಯಾನಲ್ಲುಗಳೆಲ್ಲ ಹನ್ನೆರಡು ವೋಲ್ಟಿನ ಬ್ಯಾಟರಿಗೆಂದೇ ಮಾಡಿದವು. ಈ ರೆಸಾರ್ಟಿನ ಪ್ಯಾನಲ್ ಮೂವತ್ತಾರು ವೋಲ್ಟಿನದು. ಕದ ತೆರೆದಾಗ ಬ್ಯಾಟರಿ ಅದನ್ನು ತನ್ನ ಮಟ್ಟಕ್ಕೆ ಎಳೆದುಕೊಳ್ಳುತ್ತದೆ. ಐದು ಆಂಪು ಮಾತ್ರ ಒಳಗೆ ಬರುತ್ತದೆ, ಮಿಕ್ಕ ಅರ್ಧಕ್ಕಿಂತ ಹೆಚ್ಚು ವ್ಯರ್ಥ. ಪರದೆಯ ಡಬ್ಬಿಯಾದರೆ ಆ ಹೆಚ್ಚಿನ ವೋಲ್ಟನ್ನು ಆಂಪು ಮಾಡಿ ಬ್ಯಾಟರಿಗೆ ಕೊಡುತ್ತದೆ; ಹನ್ನೆರಡು, ಹದಿಮೂರರವರೆಗೆ ಬಂದೀತು. ಇವರು ಮೀಟರ್ ಇಟ್ಟಾಗ ಕಂಡದ್ದು ಎಳೆದು ಇಳಿಸಿದ ವೋಲ್ಟು. ಒಮ್ಮೆ ತಂತಿ ಬಿಚ್ಚಿ ನೋಡಿದ್ದರೆ ನಲವತ್ತು ದಾಟುತ್ತಿತ್ತು, ಗುಟ್ಟು ರಟ್ಟಾಗುತ್ತಿತ್ತು.

"ಬೇರೆ ಡಬ್ಬಿಯಾಗಿದ್ದರೆ ಆ ವೋಲ್ಟಿಗೆ ಸುಟ್ಟಾದರೂ ಹೋಗ್ತಿತ್ತು, ಅವತ್ತೇ ಗೊತ್ತಾಗ್ತಿತ್ತು. ನಮ್ಮದು ಗಟ್ಟಿ ಮಾಲು" ಎಂದರು. ನಮ್ಮ ಹೆಮ್ಮೆಯೇ ನಮ್ಮನ್ನು ಒಂದು ತಿಂಗಳು ಬಸ್ಸಿನಲ್ಲಿ ಓಡಾಡಿಸಿತ್ತು.

ಮರುದಿನ ಇಬ್ಬರೂ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋದೆವು. ನಾನೂ ಬರಲೇಬೇಕೆಂದು ಅವರು ಹೇಳಲಿಲ್ಲ. ಆದರೆ ನನ್ನ ಚಪ್ಪಲಿಯನ್ನು ಬಾಗಿಲ ಮುಂದೆ ತಂದು ಜೋಡಿಸಿಟ್ಟಿದ್ದರು.

ಶಿವರುದ್ರಸ್ವಾಮಿ ದೂರದಿಂದಲೇ ನೋಡಿ ಎದ್ದು ನಿಂತರು.

"ಬನ್ನಿ ಸಾಬ್ರೇ, ಬನ್ನಿ ಅಕ್ಕ! ಏನು, ದಾರಿ ತಪ್ಬುಟ್ಟು ಬಂದ್ರಾ?"

"ಪರದೆಯ ಡಬ್ಬಿ ಒಂದು ಬೇಕಿತ್ತು" ಎಂದರು ನಮ್ಮವರು.

"ಯಾವ್ದು? ಮುಖ ನೋಡ್ಕಳೋದಾ?"

ನಾನು ಸೆರಗು ಸರಿಮಾಡಿಕೊಂಡು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದೆ. ಅದರಲ್ಲಿ ಓದುವಂಥದ್ದು ಏನೂ ಇರಲಿಲ್ಲ, ಆದರೂ ಪೂರ್ತಿ ಓದಿದೆ. ಇದೇ ಶ್ರದ್ಧೆಯನ್ನು ಆ ಚೀಟಿಗೆ ತೋರಿಸಿದ್ದರೆ ಇಷ್ಟು ದೂರ ಬರಬೇಕಿರಲಿಲ್ಲ.

ಕತೆ ಕೇಳಿದ ಮೇಲೆ ಶಿವರುದ್ರಸ್ವಾಮಿಯ ನಗು ನಿಂತಿತು. ಮನುಷ್ಯ ಒಳ್ಳೆಯವರು. ಭಾನುವಾರ ಬೆಳಿಗ್ಗೆ ತಾವೇ ಡಬ್ಬಿ ತೆಗೆದುಕೊಂಡು, ತಮ್ಮ ವ್ಯಾನಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೊರಟರು. ದಾರಿಯಲ್ಲಿ ಹೇಳಿದರು: "ಸಾಬ್ರೇ, ನೀವು ಸುಮ್ನೆ ಇದ್ಬುಡಿ. ಹಳೇ ಡಬ್ಬ ಫ್ಯಾಕ್ಟ್ರಿಯಿಂದ ಬರೋವಾಗ್ಲೇ ಕೆಟ್ಟಿತ್ತು ಅಂತ ನಾನು ಸಭೆಲಿ ಹೇಳ್ತೀನಿ. ಆ ಯಮ್ಮುಂಗೂ ಕೆಟ್ಟೆಸ್ರು ಬರಲ್ಲ, ನಿಮ್ಗೂ ಬರಲ್ಲ."

ನಮ್ಮವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ತಸ್ಬೀಹ್ ಮಣಿ ಎಣಿಸುತ್ತ, ಇವರು ಹೂಂ ಅಂದುಬಿಡಲಿ ಎಂದು ಬೇಡಿಕೊಳ್ಳುತ್ತಿದ್ದೆ. ಸಾದಾ ಬದುಕಿನ ಬಗ್ಗೆ ಇಡೀ ತಾಲ್ಲೂಕಿಗೆ ಉಪದೇಶ ಕೊಟ್ಟವಳು ಒಂದು ಚಿಕ್ಕ ಸುಳ್ಳಿಗಾಗಿ ಅಲ್ಲಾಹನ ಹೆಸರು ಎಣಿಸುತ್ತಿದ್ದೆ. ಮಣಿ ಕೈ ತಪ್ಪಿ ಎರಡು ಸಲ ಮೊದಲಿಂದ ಶುರು ಮಾಡಿದೆ.

ಎಂಟು ಗಂಟೆಗೆ ಹೊಸ ಡಬ್ಬಿ ಗೋಡೆಗೆ ಏರಿತು. ಹೊತ್ತೇರಿ ಮೋಡ ಸರಿದಂತೆ ಪರದೆಯ ಮೇಲೆ ಆಂಪಿನ ಅಂಕಿ ಏರತೊಡಗಿತು: ಆರು, ಏಳು, ಒಂಬತ್ತು. ಹಾಲಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಅದರ ಮುಂದೆ ನಿಂತರು. ಫ್ಯಾಟಿನ ಅಂಕಿಯನ್ನು ದಿನಾ ಓದುವವರು ಅವರು. ಈ ಅಂಕಿಯೂ ಅವರಿಗೆ ಥಟ್ಟನೆ ಅರ್ಥವಾಯಿತು. ನಾನು ಕನ್ನಡಿ ಎಂದು ಹೀಯಾಳಿಸಿದ ಪರದೆಯನ್ನು ಅವರು ನನ್ನ ಮಾತಿಗಿಂತ ಹೆಚ್ಚು ನಂಬಿದರು. ನಂಬಿದ್ದು ಸರಿಯಾಗಿಯೇ ಇತ್ತು.

ಆದರೂ ಸಭೆ ಸಭೆಯೇ. ಡೈರಿಯ ಜಗಲಿಯ ಮೇಲೆ ನಲವತ್ತು ಹೆಂಗಸರು ಕೂತರು. ಕುಮಾರಿ ಎಂಬವಳು ಎದ್ದಳು. ಊರಿನಲ್ಲೇ ಗಟ್ಟಿ ಹಾಲಿನ ಎಮ್ಮೆ ಅವಳದು, ನಷ್ಟವೂ ಅವಳಿಗೇ ಹೆಚ್ಚು.

"ಈಗ ದೊಡ್ಡ ಡಬ್ಬ ಬಂತು, ಸರಿ. ಅಂಗಾದ್ರೆ ಮೊದ್ಲೇ ಯಾಕೆ ತರ್ಲಿಲ್ಲ? ಮಿಕ್ಕ ದುಡ್ಡು ಯಾರ ಸೆರಗ್ನಲ್ಲಿತ್ತು? ನಾನು ಅಂತಿಲ್ಲ ದೊಡ್ಡಮ್ಮ, ಊರು ಅಂತದೆ."

"ಊರ್ಗೆಲ್ಲಿ ಬಾಯಿದ್ದದು ಕಣಮ್ಮಿ? ಅದು ನಿಂದೇ ಬಾಯಿ" ಎಂದರು ದೊಡ್ಡಮಲ್ಲಮ್ಮ. ಮಾತು ಚುರುಕಾಗಿಯೇ ಬಂತು.

ಶಿವರುದ್ರಸ್ವಾಮಿ ಎದ್ದರು. "ತಾಯಂದ್ರೇ, ಒಸಿ ಕೇಳಿ. ಆ ಹಳೇ ಡಬ್ಬ ಅದಲ್ಲ..."

"ಕೂತ್ಕಳಿ ಸ್ವಾಮಿ. ನಾನು ಹೇಳ್ತೀನಿ" ಎಂದು ನಮ್ಮವರು ಎದ್ದು ನಿಂತರು. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಅವರು ನಾಲ್ಕು ಜನರ ಮುಂದೆ ನಿಂತು ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ದೊಡ್ಡಮಲ್ಲಮ್ಮ ಬಂದು ಯಾವ ಡಬ್ಬ ಅಂತ ನಮ್ಮನ್ನೇ ಕೇಳಿದ್ರು. ಪ್ಯಾನಲ್ ಲೆಕ್ಕ ಚೀಟಿಲಿ ಬರ್ಸಿ ಕೊಟ್ಟಿದ್ರು. ನಾವು ಓದ್ಲಿಲ್ಲ. ಓದ್ದೆ ಸಣ್ಣ ಡಬ್ಬ ಕೊಟ್ಬುಟ್ಟೊ. ಅವ್ರು ಕೊಟ್ಟ ದುಡ್ಡಿಗೆ ನಮ್ಮ ಬಿಲ್ಲು ಅದೆ, ಯಾರು ಬೇಕಾದ್ರೂ ನೋಡಿ. ತಪ್ಪು ಅಂಗಡೀದು."

ಕುಮಾರಿ ಸೊಂಟದ ಮೇಲೆ ಕೈಯಿಟ್ಟಳು.

"ಅಲ್ಲ ಸಾಬ್ರೇ, ಮೂರ್ ಸಲ ಬಂದಿದ್ರಲ್ಲ, ಆವಾಗ ಏನ್ ನೋಡ್ದ್ರಿ?"

"ಬ್ಯಾಟ್ರಿ ನೋಡ್ದೆ ತಾಯಿ."

"ಪ್ಯಾನಲ್ಲು?"

"ಏಣಿ ಹತ್ತಕ್ಕೆ ಭಯ ಆಯ್ತದೆ."

ಮೊದಲು ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಇಡೀ ಜಗಲಿ ನಕ್ಕಿತು. "ಅಯ್ಯೋ, ನಮ್ಮನೆ ಮುದ್ಕಿ ಏಣಿ ಅತ್ತಿ ಕುಂಬ್ಳಕಾಯಿ ಕೀಳ್ತಾಳಲ್ಲಪ್ಪ ಆ ಹೆಂಚ್ನ ಮೇಲೆ" ಎಂದಳು ಕುಮಾರಿ. "ಮತ್ತೆ ಆ ಚೀಟಿ ಯಾರ್ತಾವು ಇತ್ತು?"

ನನ್ನ ಹೆಸರು ಹೇಳುವವರಲ್ಲ ನಮ್ಮವರು. ನಾನೇ ಕೈಯೆತ್ತಿದೆ, ಶಾಲೆಯ ಮಗುವಿನ ಹಾಗೆ.

"ಸಾಬೀರಮ್ಮಾ, ನೀವಾ!" ಎಂದರು ದೊಡ್ಡಮಲ್ಲಮ್ಮ. "ಒಂದ್ ಗಂಟೆ ಕೇಳುದ್ರಲ್ಲವ್ವ, ಕಣ್ಣು ಮಿಟುಕ್ಸದೆ!"

"ಎಲ್ಲ ಕೇಳಿದೆ. ಗೌರಿಯ ಕರು ಹೆಣ್ಣು ಅನ್ನೋದೂ ನೆನಪಿದೆ" ಎಂದೆ. ಮತ್ತೆ ನಗು. ಅದರಲ್ಲಿ ದೊಡ್ಡಮಲ್ಲಮ್ಮನ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು.

ಕುಮಾರಿ ಕೂರುವ ಮೊದಲು ಒಂದು ಮಾತು ಹೇಳಿದಳು: "ಇವತ್ತು ಸಾಯಂಕಾಲ ಮಿಷನ್ಗೆ ಮೊದ್ಲು ನನ್ ಹಾಲೇ ಆಕ್ಬೇಕು. ಸೆಕ್ರೆಟ್ರಮ್ಮ, ಬರ್ಕಳಿ." ಸಭೆ ಅಲ್ಲಿಗೆ ಮುಗಿಯಿತು. ಸಂಜೆ ಯಂತ್ರ ನಿಲ್ಲಲಿಲ್ಲ, ಮರುದಿನ ಬೆಳಿಗ್ಗೆಯೂ ನಿಲ್ಲಲಿಲ್ಲ, ಗಡಿಯ ಕಡೆಯ ವ್ಯಾನು ಬರಬರುತ್ತ ಆ ಊರನ್ನು ಬಿಟ್ಟಿತು ಎಂದು ಆಮೇಲೆ ತಿಳಿಯಿತು.

ಹೊರಡುವಾಗ ಶಿವರುದ್ರಸ್ವಾಮಿ ಬಿಚ್ಚಿದ ಸಾದಾ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಮ್ಮವರ ಪಕ್ಕಕ್ಕೆ ಬಂದರು. ಮನಸ್ಸು ತಡೆಯಲಿಲ್ಲ ಅವರಿಗೆ.

"ಸಾಬ್ರೇ, ಇದ್ಕಿನ್ನೂ ವಾರಂಟಿ ಅದೆ. ಕೆಟ್ಟಿತ್ತು ಅಂತ ಒಂದ್ ಗೆರೆ ಬರ್ದು ಕಂಪ್ನಿಗೆ ಕಳ್ಸ್ಬುಡ್ತೀನಿ. ಹೊಸದು ಬತ್ತದೆ. ನಿಮ್ಗೂ ನಷ್ಟ ಇರಲ್ಲ, ಯಾರ್ಗೂ ಗೊತ್ತೂ ಆಗಲ್ಲ. ಕೊಡ್ಲಾ?"

ನಮ್ಮವರು ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡು ನನ್ನ ಚೀಲದೊಳಗೆ ಇಟ್ಟರು.

"ಬ್ಯಾಡಿ ಸ್ವಾಮಿ. ಇದು ಕೆಟ್ಟಿಲ್ಲ. ಬೇಗೂರಲ್ಲಿ ಒಬ್ರು ಚಿಕ್ಕ ಪ್ಯಾನಲ್ ಇಟ್ಕಂಡು ಕಾಯ್ತಾವ್ರೆ, ಅವ್ರಿಗೆ ಇದೇ ಸರಿ" ಎಂದರು.